ಮೊಬೈಲಲ್ಲಿ ಕಾಣದ ಮೆನು ಯಾರಿಗೆ ಮಾಡಿದ್ದು?

ಸ್ವಸಹಾಯ ಸಂಘದ ಉಳಿತಾಯ, ಹಾಲಿನ ಲೆಕ್ಕ ಎಲ್ಲ ಈಗ ಪುಸ್ತಕ ಬಿಟ್ಟು ಗೂಗಲ್ ಶೀಟ್ಸ್‌ಗೆ ಬರುತ್ತಿವೆ. ಬರಲಿ, ಕೂಡಿಸುವ ಕಷ್ಟ ತಪ್ಪುತ್ತದೆ. ನಮ್ಮ ತಕರಾರು ಇರುವುದು ಆ ಶೀಟ್ ಮಾಡಿಕೊಡುವವರ ಮೇಲೆ.

ಅವರು ಲ್ಯಾಪ್‌ಟಾಪ್ ಮುಂದೆ ಕೂತು ಆ್ಯಪ್ಸ್ ಸ್ಕ್ರಿಪ್ಟ್‌ನಲ್ಲಿ ‘ಆನ್‌ಓಪನ್’ ಎಂದು ಹತ್ತು ಸಾಲು ಬರೆಯುತ್ತಾರೆ. ಶೀಟ್ ತೆರೆದರೆ ಮೇಲೆ ‘ನಮ್ಮ ಸಂಘ’ ಎಂಬ ಹೊಸ ಮೆನು ಮೂಡುತ್ತದೆ. ಅದರೊಳಗೆ ‘ಇವತ್ತಿನ ಸಾಲಿಗೆ ಹೋಗು’ ಒತ್ತಿದರೆ, ಸ್ಕ್ರಿಪ್ಟ್ ದಿನಾಂಕ ಹುಡುಕಿ ನೇರ ಆ ಸೆಲ್‌ಗೆ ಕರೆದೊಯ್ಯುತ್ತದೆ. ತರಬೇತಿ ದಿನ ಇದನ್ನು ಗೋಡೆ ಮೇಲೆ ದೊಡ್ಡದಾಗಿ ತೋರಿಸಿದರೆ ಚಪ್ಪಾಳೆ ಬೀಳದೆ ಇರುತ್ತದೆಯೇ?

ಊರಿಗೆ ಬಂದು ಮೊಬೈಲಲ್ಲಿ ತೆರೆದರೆ ಆ ಮೆನುವೇ ಇಲ್ಲ. ಲೆಕ್ಕ ಬರೆಯುವ ಅಕ್ಕ ತಾನೇ ಏನೋ ತಪ್ಪು ಒತ್ತಿದೆ ಅಂದುಕೊಳ್ಳುತ್ತಾಳೆ. ಅಕ್ಕಾ, ತಪ್ಪು ನಿಮ್ಮದಲ್ಲ. ಸ್ಕ್ರಿಪ್ಟ್‌ನಿಂದ ಮಾಡಿದ ಮೆನುವನ್ನು ಶೀಟ್ಸ್‌ನ ಮೊಬೈಲ್ ಆ್ಯಪ್ ತೋರಿಸುವುದೇ ಇಲ್ಲ. ಸ್ಕ್ರಿಪ್ಟ್ ‘ಆ ಸೆಲ್‌ಗೆ ಹೋಗು’ ಅಂದರೂ ಫೋನಿನ ಪರದೆ ಕದಲುವುದಿಲ್ಲ. ಮಾಡಿದವರು ಇದನ್ನು ಫೋನಲ್ಲಿ ಒಂದು ಸಲ ತೆರೆದು ನೋಡಿದ್ದರೆ ಸಾಕಿತ್ತು.

‘ಹಾಗಾದರೆ ಲ್ಯಾಪ್‌ಟಾಪಲ್ಲೇ ತೆರೆಯಿರಿ’ ಎನ್ನುವವರಿದ್ದಾರೆ. ಸಂಘದ ಸಭೆ ನಡೆಯುವುದು ಯಾರದೋ ಮನೆ ಜಗುಲಿ ಮೇಲೆ ಸ್ವಾಮಿ, ಆಫೀಸಿನಲ್ಲಲ್ಲ.

ಸ್ಕ್ರಿಪ್ಟೇ ಬೇಡ ಅನ್ನುತ್ತಿಲ್ಲ. ಸೆಲ್‌ನಲ್ಲಿ ಏನಾದರೂ ಬದಲಾದಾಗ ಓಡುವ ‘ಆನ್‌ಎಡಿಟ್’ ಮೊಬೈಲಿನಿಂದಲೂ ಓಡುತ್ತದೆ. ಅದು ಓಡುವುದು ಗೂಗಲ್ ಸರ್ವರ್‌ನಲ್ಲಿ, ಫೋನಿಗೆ ನೆಟ್ ಇದ್ದರಾಯಿತು. ಮೆನು ಬದಲು ಒಂದು ಚೆಕ್‌ಬಾಕ್ಸ್ ಇಡಿ. 1ನೇ ಸಾಲು ತಲೆಬರಹ, 2ನೇ ಸಾಲು ಬರೆಯುವ ಜಾಗ, ಎರಡನ್ನೂ ಫ್ರೀಜ್ ಮಾಡಿ. ಹೆಸರು, ಮೊತ್ತ ತುಂಬಿ ಟಿಕ್ ಹಾಕಿದರೆ ಸ್ಕ್ರಿಪ್ಟ್ ಅದನ್ನು 3ನೇ ಸಾಲಿಗೆ ಇಳಿಸಿ, ದಿನಾಂಕ ಹಾಕಿ, 2ನೇ ಸಾಲು ಖಾಲಿ ಮಾಡಿ ಟಿಕ್ ತೆಗೆಯಲಿ. ಹೊಸ ಲೆಕ್ಕ ಯಾವಾಗಲೂ ಮೇಲೆಯೇ ಇರುತ್ತದೆ. ಇವತ್ತಿನ ಸಾಲನ್ನು ಹುಡುಕಿಕೊಂಡು ಹೋಗುವ ಕೆಲಸವೇ ಉಳಿಯುವುದಿಲ್ಲ. ಕೆಳಕೆಳಗೆ ಬರೆಯುತ್ತ ಹೋಗುವುದು ಪುಸ್ತಕದ ಅಭ್ಯಾಸ, ಆರು ಇಂಚಿನ ಪರದೆಗೆ ಅದು ಸಲ್ಲದು.

ಇನ್ನು ಯಾರಾದರೂ ನಿಮ್ಮ ಸಂಘಕ್ಕೆ ಶೀಟ್ ಮಾಡಿಕೊಡಲು ಬಂದರೆ ಲ್ಯಾಪ್‌ಟಾಪ್ ಮುಚ್ಚಿಸಿ. ನಿಮ್ಮ ಫೋನನ್ನೇ ಅವರ ಕೈಗೆ ಕೊಟ್ಟು, ಈ ವಾರದ ಉಳಿತಾಯ ತುಂಬಿ ತೋರಿಸಿ ಅನ್ನಿ.