ದಾಳ ಯಾರ ಕೈಯಲ್ಲಿದೆ?

ಕೆಲವು ದಿನಗಳ ಹಿಂದೆ ವಿಕಿರಣಶೀಲತೆಯ ಪಾಠವನ್ನು ಮುಗಿಸಿ ಹೊರಬರುತ್ತಿದ್ದ ನಮ್ಮನ್ನು ವಿದ್ಯಾರ್ಥಿಯೊಬ್ಬನು ತಡೆದು ಒಂದು ಪ್ರಶ್ನೆ ಕೇಳಿದನು. ಅವನು ಮೊಬೈಲಿನಲ್ಲಿ ಆಡುವ ಆಟವೊಂದರಲ್ಲಿ ಹಣ ಕೊಟ್ಟು ತೆರೆಯುವ ಪೆಟ್ಟಿಗೆಗಳಿವೆಯಂತೆ. ಅಪೂರ್ವವಾದ ಖಡ್ಗವೊಂದು ಸಿಕ್ಕುವ ಸಂಭವ ಪ್ರತಿಯೊಂದು ಪೆಟ್ಟಿಗೆಗೂ ನೂರರಲ್ಲಿ ಒಂದಂತೆ. "ಅರವತ್ತು ಪೆಟ್ಟಿಗೆ ತೆರೆದಾಯಿತು, ಸಾರ್. ಇನ್ನು ನಲವತ್ತರೊಳಗೆ ಸಿಕ್ಕೇ ಸಿಕ್ಕಬೇಕಲ್ಲವೆ?" ಎಂದನು. ಹಾಗೇನೂ ಇಲ್ಲವೆಂದು ಹೇಳಿದಾಗ ಅವನ ಮುಖ ಬಾಡಿತು. ಆ ಹಣ ಪುಸ್ತಕಗಳಿಗೆಂದು ಮನೆಯಿಂದ ಬಂದದ್ದೆಂದು ಆಮೇಲೆ ತಿಳಿಯಿತು. ಈ ಲೇಖನವನ್ನು ಬರೆಯಲು ಅದೇ ಕಾರಣ.

ಆಟವನ್ನು ನಿಂದಿಸುವುದು ನಮ್ಮ ಉದ್ದೇಶವಲ್ಲ. ನಾವೂ ಇಂಥ ಆಟಗಳನ್ನು ಪ್ರೀತಿಯಿಂದ ಆಡಿದವರೇ. 'ರೋಲ್ ಪ್ಲೇಯಿಂಗ್' ಎಂಬ ಈ ಬಗೆಯ ಆಟಗಳಲ್ಲಿ ಆಟಗಾರನು ಒಂದು ಪಾತ್ರವನ್ನು ವಹಿಸುತ್ತಾನೆ. ಯೋಧನೋ ಮಂತ್ರವಾದಿಯೋ ಕಳ್ಳನೋ ಆಗಿ ಕಾಣದ ನಾಡೊಂದರಲ್ಲಿ ಸಂಚರಿಸುತ್ತಾನೆ. ಸುಳ್ಳು ಹೇಳಿ ಪಾರಾಗುವುದೆ, ನಿಜ ಹೇಳಿ ಕಷ್ಟಕ್ಕೆ ಸಿಕ್ಕುವುದೆ ಎಂಬುದನ್ನು ತಾನೇ ನಿರ್ಧರಿಸಿ, ಅದರ ಫಲವನ್ನು ತಾನೇ ಉಣ್ಣುತ್ತಾನೆ. ಕಾದಂಬರಿಯನ್ನು ಓದುವವನಿಗೆ ಈ ಸ್ವಾತಂತ್ರ್ಯವಿಲ್ಲ.

ಈ ಆಟ ಹುಟ್ಟಿದ್ದು ಕಂಪ್ಯೂಟರಿನಲ್ಲಲ್ಲ, ಮೇಜಿನ ಮೇಲೆ. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ರೂಪಿಸಿದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ೧೯೭೪ರಲ್ಲಿ ಪ್ರಕಟವಾಯಿತು. ಅದರ ಹೆಗ್ಗುರುತು ಇಪ್ಪತ್ತು ಮುಖಗಳ ದಾಳ. ಇಪ್ಪತ್ತು ಸಮಭುಜ ತ್ರಿಕೋನಗಳಿಂದಾದ ಈ ಘನಾಕೃತಿಯನ್ನು ಪ್ರಾಚೀನ ಗ್ರೀಕರೇ ಬಲ್ಲವರಾಗಿದ್ದರು. ಅದರ ಯಾವ ಮುಖ ಬೀಳುವುದಕ್ಕೂ ಸಂಭಾವ್ಯತೆ ಶೇಕಡಾ ೫. ದಾಳ ಆಟಗಾರನ ಕೈಯಲ್ಲಿರುತ್ತದೆ, ಎಲ್ಲರ ಕಣ್ಣೆದುರು ಉರುಳುತ್ತದೆ. ಸೋತರೆ ಹೋಗುವುದು ಕಥೆಯೊಳಗಿನ ಪ್ರಾಣವೇ ಹೊರತು ಜೇಬಿನೊಳಗಿನ ಹಣವಲ್ಲ. ಮುಂದೆ ೧೯೮೬ರ ಜಪಾನಿನ 'ಡ್ರ್ಯಾಗನ್ ಕ್ವೆಸ್ಟ್'ನಂಥ ಆಟಗಳಲ್ಲಿ ದಾಳ ಯಂತ್ರದೊಳಕ್ಕೆ ಸೇರಿ ಕಣ್ಣಿಗೆ ಮರೆಯಾಯಿತು.

ಮರೆಯಾದರೂ ಬಹುಕಾಲ ಅನ್ಯಾಯವಾಗಲಿಲ್ಲ. ಒಮ್ಮೆ ಬೆಲೆ ಕೊಟ್ಟರೆ ಆಟವೆಲ್ಲವೂ ಆಡಲು ಸಿಕ್ಕುತ್ತಿತ್ತು. ೨೦೦೬ರಲ್ಲಿ 'ಆಬ್ಲಿವಿಯನ್' ಎಂಬ ಆಟದ ಕುದುರೆಗೆ ತೊಡಿಸುವ ಕವಚವನ್ನು ಎರಡೂವರೆ ಡಾಲರಿಗೆ ಬೇರೆಯಾಗಿ ಮಾರಿದಾಗ ಆಟಗಾರರು ನಕ್ಕರು, ಸಿಡುಕಿದರು. ಆದರೂ ಅಲ್ಲಿ ವಸ್ತುವೂ ಗೊತ್ತು, ಬೆಲೆಯೂ ಗೊತ್ತು, ಬೇಡವಾದವನು ಸುಮ್ಮನಿರಬಹುದಾಗಿತ್ತು. 'ಲೂಟ್ ಬಾಕ್ಸ್' ಎಂಬ ಪದ್ಧತಿ ಹಬ್ಬಿದ ಮೇಲೆ ಸ್ಥಿತಿ ಬದಲಾಯಿತು. ಇಲ್ಲಿ ಮಾರುವುದು ವಸ್ತುವನ್ನಲ್ಲ, ವಸ್ತು ಸಿಕ್ಕೀತೆಂಬ ಆಸೆಯನ್ನು. ಲೂಟ್ ಎಂಬ ಇಂಗ್ಲಿಷ್ ಮಾತು ಹಿಂದಿಯಿಂದ ಹೋದದ್ದು. ನಮ್ಮ ಲೂಟಿಯೂ ಅದರ ಬಳಗದ್ದೇ. ಇಲ್ಲಿ ಲೂಟಿ ಮಾಡುವವರು ಯಾರು, ಲೂಟಿಗೆ ಗುರಿಯಾಗುವವರು ಯಾರು ಎಂಬುದನ್ನು ಗಣಿತದಿಂದಲೇ ನೋಡೋಣ.

ವಿಕಿರಣಶೀಲ ಪರಮಾಣುವಿಗೆ ತನ್ನ ವಯಸ್ಸಿನ ನೆನಪಿಲ್ಲ. ರೇಡಾನ್ ಅನಿಲದ ಅರ್ಧಾಯು ಸುಮಾರು ೩.೮ ದಿನ. ಅಷ್ಟು ಕಾಲ ಉಳಿದುಕೊಂಡ ಪರಮಾಣು ಮುಂದಿನ ೩.೮ ದಿನಗಳಲ್ಲಿ ಒಡೆಯುವ ಸಂಭವ ಮತ್ತೆ ಅರ್ಧವೇ. ಈ ಪೆಟ್ಟಿಗೆಗಳೂ ಹಾಗೆಯೇ. ನೂರರಲ್ಲಿ ಒಂದು ಸಂಭವವಿದ್ದರೆ ಅದರ 'ಅರ್ಧಾಯು' ೬೯ ಪೆಟ್ಟಿಗೆಗಳು. ಎಂಬತ್ತು ಮಂದಿ ವಿದ್ಯಾರ್ಥಿಗಳು ತಲಾ ೬೯ ಪೆಟ್ಟಿಗೆ ತೆರೆದರೆ ಸುಮಾರು ನಲವತ್ತು ಮಂದಿ ಬರಿಗೈಯಲ್ಲೇ ಇರುವರು. ಆ ನಲವತ್ತು ಮಂದಿ ಇನ್ನೂ ೬೯ನ್ನು ತೆರೆದರೆ ಇಪ್ಪತ್ತು ಮಂದಿ, ಮತ್ತೂ ೬೯ನ್ನು ತೆರೆದರೆ ಹತ್ತು ಮಂದಿ ಉಳಿಯುವರು. ಪೆಟ್ಟಿಗೆಗೆ ಐವತ್ತು ರೂಪಾಯಿಯೆಂದು ಇಟ್ಟುಕೊಂಡರೆ ಆ ಹತ್ತು ಮಂದಿ ತಲಾ ೧೦,೩೫೦ ರೂಪಾಯಿ ತೆತ್ತು ಏನನ್ನೂ ಪಡೆದಿಲ್ಲ. ನಮ್ಮ ವಿದ್ಯಾರ್ಥಿಗೆ ಅರವತ್ತೊಂದನೆಯ ಪೆಟ್ಟಿಗೆಯೂ ಮೊದಲನೆಯದರಂತೆಯೇ.

ಹಾಗಿದ್ದರೂ ಬುದ್ಧಿವಂತರು ಏಕೆ ತೆರೆಯುತ್ತಲೇ ಹೋಗುವರು? ಅಮೆರಿಕದ ಮನೋವಿಜ್ಞಾನಿ ಬಿ. ಎಫ್. ಸ್ಕಿನ್ನರ್ ಪಾರಿವಾಳಗಳ ಮೇಲೆ ಪ್ರಯೋಗ ನಡೆಸಿ, ಚಾರ್ಲ್ಸ್ ಫರ್ಸ್ಟರ್ ಅವರೊಡನೆ ೧೯೫೭ರಲ್ಲಿ ಒಂದು ದೊಡ್ಡ ಗ್ರಂಥವನ್ನು ಪ್ರಕಟಿಸಿದನು. ಎಷ್ಟು ಸಲ ಕುಕ್ಕಿದರೆ ಕಾಳು ಬೀಳುವುದೆಂಬುದು ನಿಶ್ಚಿತವಾಗಿಲ್ಲದಾಗ ಹಕ್ಕಿ ಬಿಡುವಿಲ್ಲದೆ ಕುಕ್ಕುತ್ತದೆ. ಕಾಳು ನಿಂತ ಮೇಲೂ ಬಹಳ ಹೊತ್ತು ಕುಕ್ಕುವುದನ್ನು ಬಿಡದು. ಜೂಜಿನ ಯಂತ್ರದ ಗುಟ್ಟು ಇದೇ. ಪೆಟ್ಟಿಗೆಯ ಗುಟ್ಟೂ ಇದೇ.

ಆಟ ತಯಾರಿಸಲು ನೂರಾರು ಜನರ ಹಲವು ವರ್ಷಗಳ ದುಡಿಮೆ ಬೇಕು, ಆ ಖರ್ಚು ಎಲ್ಲಿಂದ ಬರಬೇಕು ಎಂದು ಕಂಪೆನಿಗಳು ಕೇಳುವುವು. ನ್ಯಾಯವಾದ ಪ್ರಶ್ನೆಯೇ. ಲಾಭ ಬೇಡವೆಂದು ನಾವು ಹೇಳುವುದಿಲ್ಲ. ಆದರೆ ಬೆಲ್ಜಿಯಮ್ಮಿನ ಲೇರಿಯನ್ ಸಂಸ್ಥೆ ೨೦೨೩ರಲ್ಲಿ ಹೊರತಂದ 'ಬಾಲ್ಡರ್ಸ್ ಗೇಟ್ ೩' ಎಂಬ ಆಟವನ್ನು ನೋಡಿರಿ. ಬೆಲೆ ಒಮ್ಮೆ ಕೊಟ್ಟರೆ ಆಯಿತು. ಒಳಗೆ ಪೆಟ್ಟಿಗೆಯ ಅಂಗಡಿಯಿಲ್ಲ. ಮಾತುಕತೆಯ ಸಂದಿಗ್ಧಗಳಲ್ಲಿ ಆ ಹಳೆಯ ಇಪ್ಪತ್ತು ಮುಖದ ದಾಳವೇ ಪರದೆಯ ಮೇಲೆ ಉರುಳುವುದು, ಬೇಕಾದ ಅಂಕವೆಷ್ಟೆಂಬುದು ಮೊದಲೇ ಕಾಣುವುದು. ಆ ಆಟ ಲಕ್ಷಾಂತರ ಪ್ರತಿಗಳಲ್ಲಿ ಮಾರಾಟವಾಯಿತು, ಆ ವರ್ಷದ ಅತ್ಯುತ್ತಮ ಆಟವೆಂಬ ಪ್ರಶಸ್ತಿಗಳನ್ನೂ ಪಡೆಯಿತು. ಪ್ರಾಮಾಣಿಕತೆಯಿಂದ ವ್ಯಾಪಾರ ನಡೆಯದೆಂಬ ಮಾತು ಹೀಗೆ ಸುಳ್ಳಾಯಿತು.

ಸರ್ಕಾರಗಳೂ ಎಚ್ಚತ್ತಿವೆ. ಪೆಟ್ಟಿಗೆಗಳ ಸಂಭಾವ್ಯತೆಯನ್ನು ಪ್ರಕಟಿಸಬೇಕೆಂಬ ನಿಯಮವನ್ನು ಚೀನಾ ೨೦೧೭ರಲ್ಲಿ ಜಾರಿಗೆ ತಂದಿತು. ಹಣ ತೆತ್ತು ತೆರೆಯುವ ಕೆಲವು ಆಟಗಳ ಪೆಟ್ಟಿಗೆಗಳು ಜೂಜೇ ಎಂದು ಬೆಲ್ಜಿಯಮ್ಮಿನ ಜೂಜು ಆಯೋಗ ೨೦೧೮ರಲ್ಲಿ ಸಾರಿತು. 'ಗೆನ್‌ಶಿನ್ ಇಂಪ್ಯಾಕ್ಟ್' ಎಂಬ ಆಟ ಮಕ್ಕಳನ್ನೂ ಇತರರನ್ನೂ ಬಹುಮಾನಗಳ ಸಂಭಾವ್ಯತೆಯ ವಿಷಯದಲ್ಲಿ ದಾರಿತಪ್ಪಿಸಿತೆಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಆರೋಪಿಸಿತು. ೨೦೨೫ರ ಜನವರಿಯಲ್ಲಿ ಅದರ ಕಂಪೆನಿ ೨ ಕೋಟಿ ಡಾಲರ್ ತೆರಲೂ, ೧೬ ವರ್ಷ ತುಂಬದವರಿಗೆ ಪೋಷಕರ ಒಪ್ಪಿಗೆಯಿಲ್ಲದೆ ಪೆಟ್ಟಿಗೆ ಮಾರದಿರಲೂ ಒಪ್ಪಿತು.

ಇಷ್ಟೇ ಸಾಲದೆಂಬುದು ನಮ್ಮ ಅಭಿಪ್ರಾಯ. ಬಿಸ್ಕತ್ತಿನ ಪೊಟ್ಟಣದ ಮೇಲೆ ತೂಕವನ್ನು ಅಚ್ಚು ಹಾಕುವಂತೆ, ಪ್ರತಿಯೊಂದು ಪೆಟ್ಟಿಗೆಯ ಮೇಲೂ ಅದರ ಸಂಭಾವ್ಯತೆಯನ್ನೂ, ಆಟಗಾರನು ಇದುವರೆಗೆ ತೆತ್ತ ಒಟ್ಟು ಹಣವನ್ನೂ ತೋರಿಸತಕ್ಕದ್ದು. ಪ್ರಾಪ್ತವಯಸ್ಕರಲ್ಲದವರಿಗೆ ಅದನ್ನು ಮಾರಲೇಕೂಡದು.

ಕಾನೂನು ಬರುವವರೆಗೆ ವಿದ್ಯಾರ್ಥಿಗಳ ಕೈಯಲ್ಲಿ ಒಂದು ಸಾಧನವುಂಟು. ಸಂಭವ ಶೇಕಡಾ ಎಷ್ಟೆಂದು ಹೇಳಿದ್ದಾರೋ ಆ ಸಂಖ್ಯೆಯಿಂದ ೬೯ನ್ನು ಭಾಗಿಸಿ, ಬಂದುದನ್ನು ಪೆಟ್ಟಿಗೆಯ ಬೆಲೆಯಿಂದ ಗುಣಿಸಿರಿ. ಅಷ್ಟು ಹಣ ಸುರಿದರೂ ಇಬ್ಬರಲ್ಲಿ ಒಬ್ಬರಿಗೆ ಏನೂ ಸಿಕ್ಕದು. ಸಂಭಾವ್ಯತೆಯನ್ನೇ ತಿಳಿಸದ ಆಟವಾದರೆ ಲೆಕ್ಕದ ಶ್ರಮವೂ ಬೇಡ. ಜೇಬನ್ನು ಮುಚ್ಚಿಕೊಂಡರೆ ಸಾಕು. ಶಕುನಿಯ ದಾಳದೆದುರು ಕುಳಿತ ಧರ್ಮರಾಯನಿಗೆ ಎದ್ದುಹೋಗುವ ಬುದ್ಧಿ ಬರಲಿಲ್ಲ. ನಮ್ಮ ವಿದ್ಯಾರ್ಥಿ ಅಂದು ಸಂಜೆ ಲೆಕ್ಕವನ್ನು ತಾನೇ ಮಾಡಿ ನೋಡಿದನು. ಅರವತ್ತೊಂದನೆಯ ಪೆಟ್ಟಿಗೆಯನ್ನು ತೆರೆಯಲಿಲ್ಲ. ಆಟವನ್ನು ಮಾತ್ರ ಇನ್ನೂ ಆಡುತ್ತಿದ್ದಾನೆ. ಆಡಲಿ, ಅದಕ್ಕೆ ನಮ್ಮ ಆಕ್ಷೇಪಣೆಯಿಲ್ಲ.