ಅಳತೆಯಿಲ್ಲದ ಆಸನ

ವರ್ಷವರ್ಷವೂ ಡಿಸೆಂಬರ್ ೩ನೆಯ ತಾರೀಖು ಸಮೀಪಿಸಿತೆಂದರೆ ನಮ್ಮ ಜಿಲ್ಲಾ ಕೇಂದ್ರಗಳಲ್ಲಿ ಗಾಲಿಕುರ್ಚಿಗಳ ಸಾಲು ಕಣ್ಣಿಗೆ ಬೀಳತೊಡಗುತ್ತದೆ. ೧೯೯೨ರಲ್ಲಿ ವಿಶ್ವಸಂಸ್ಥೆಯು ಅಂಗವಿಕಲರ ದಿನವೆಂದು ಸಾರಿದ ದಿನವಿದು. ಚಪ್ಪರ ಏಳುತ್ತದೆ, ಗಣ್ಯರು ದಯಮಾಡಿಸುತ್ತಾರೆ, ಹೆಸರು ಕೂಗಿದವರನ್ನು ಎತ್ತಿ ತಂದು ಹೊಸ ಕುರ್ಚಿಯಲ್ಲಿ ಕುಳ್ಳಿರಿಸಲಾಗುತ್ತದೆ, ಛಾಯಾಚಿತ್ರವಾಗುತ್ತದೆ. ಮರುದಿನ ಇಷ್ಟು ಕುರ್ಚಿಗಳನ್ನು ಹಂಚಲಾಯಿತೆಂಬ ವಾರ್ತೆಯನ್ನು ನಾವೂ ಅಚ್ಚು ಹಾಕುತ್ತೇವೆ. ಕೊಟ್ಟವರ ಸದುದ್ದೇಶದಲ್ಲಿ ನಮಗೆ ಸಂದೇಹವಿಲ್ಲ. ಆದರೆ ಆ ಸಾಲಿನಲ್ಲಿ ನಿಂತ ಕುರ್ಚಿಗಳು ಅನೇಕ ಕಡೆಗಳಲ್ಲಿ ಒಂದೇ ಅಳತೆಯವು. ಅವುಗಳಲ್ಲಿ ಕೂಡುವ ದೇಹಗಳಾದರೋ ಒಂದೇ ಅಳತೆಯವಲ್ಲ. ಈ ಒಂದು ಸಂಗತಿಯನ್ನು ಕುರಿತು ಮಹಾಜನರೂ ಸರಕಾರದವರೂ ಶಾಂತಚಿತ್ತದಿಂದ ವಿಚಾರ ಮಾಡಬೇಕೆಂದು ನಾವು ಬೇಡಿಕೊಳ್ಳುತ್ತೇವೆ.

ಎತ್ತಿನ ಹೆಗಲು ಹುಣ್ಣಾದರೆ ನಮ್ಮ ರೈತನು ಎತ್ತನ್ನು ಬಯ್ಯುವುದಿಲ್ಲ, ನೊಗವನ್ನು ನೋಡುತ್ತಾನೆ. ಅಂಗಿ ಹೊಲಿಸಲು ಹೋದವನ ಮೈಯನ್ನು ಅಳೆಯದೆ ದರ್ಜಿಯು ಕತ್ತರಿಗೆ ಕೈ ಹಾಕುವುದಿಲ್ಲ. ದಿನಕ್ಕೆ ಎಂಟು ಹತ್ತು ಗಂಟೆ, ವರ್ಷಾನುವರ್ಷ, ಒಬ್ಬ ಮನುಷ್ಯನು ಕೂಡಬೇಕಾದ ಆಸನಕ್ಕೆ ಮಾತ್ರ ಅಳತೆ ಬೇಡವೆಂದು ನಾವು ಎಲ್ಲಿಂದ ಕಲಿತೆವು?

ಈ ವಿಷಯದಲ್ಲಿ ಕನ್ನಡಿಗರು ಅರಿಯದವರೆಂದು ಹೇಳುವಂತೆಯೂ ಇಲ್ಲ. ೨೦೦೬ರ ನವೆಂಬರ್ ತಿಂಗಳಿನಲ್ಲಿ ನಾನಾ ದೇಶಗಳ ತಜ್ಞರು ಸೇರಿ, ಹಿಂದುಳಿದ ದೇಶಗಳಲ್ಲಿ ಗಾಲಿಕುರ್ಚಿಯನ್ನು ಹೇಗೆ ಒದಗಿಸಬೇಕೆಂಬುದನ್ನು ಚರ್ಚಿಸಿ ಒಮ್ಮತಕ್ಕೆ ಬಂದದ್ದು ನಮ್ಮ ಬೆಂಗಳೂರಿನಲ್ಲಿಯೇ. ಆ ಸಮ್ಮೇಳನದ ಬೆನ್ನಿಗೆ ವಿಶ್ವ ಆರೋಗ್ಯ ಸಂಸ್ಥೆಯು ೨೦೦೮ರಲ್ಲಿ ಮಾರ್ಗಸೂಚಿಯನ್ನು ಪ್ರಕಟಿಸಿತು; ೨೦೨೩ರಲ್ಲಿ ಅದನ್ನು ಪುನಃ ಪರಿಷ್ಕರಿಸಿತು. ಆ ಮಾರ್ಗಸೂಚಿಯ ಸಾರವಿಷ್ಟೇ: ವ್ಯಕ್ತಿಯನ್ನು ಪರೀಕ್ಷಿಸಿ ಅಳೆಯಬೇಕು, ತಕ್ಕ ಕುರ್ಚಿಯನ್ನು ಆರಿಸಬೇಕು, ಕೂಡಿಸಿ ಸರಿಹೊಂದಿಸಬೇಕು, ಬಳಸುವುದನ್ನು ಕಲಿಸಬೇಕು, ಆಮೇಲೆಯೂ ವಿಚಾರಿಸುತ್ತಿರಬೇಕು. ಕುರ್ಚಿಯನ್ನು ಕೈಗೆ ಕೊಡುವುದು ಈ ಕಾರ್ಯದ ಒಂದು ಮೆಟ್ಟಿಲು ಮಾತ್ರ. ನಮ್ಮ ನಾಡಿನ ನೆಲದ ಮೇಲೆ ಹುಟ್ಟಿದ ವಿಚಾರವು ಲೋಕವನ್ನೆಲ್ಲ ಸುತ್ತಿ ಬಂದರೂ ನಮ್ಮ ತಾಲೂಕಿನ ಚಪ್ಪರದೊಳಗೆ ಇನ್ನೂ ಕಾಲಿಟ್ಟಿಲ್ಲವೆಂದರೆ ಅದು ನಮಗೆ ಭೂಷಣವಲ್ಲ.

ಅಳತೆಯೆಂದರೆ ದೊಡ್ಡ ವಿದ್ಯೆಯೆಂದು ಯಾರೂ ಹೆದರಬೇಕಾಗಿಲ್ಲ. ಒಂದು ಟೇಪು, ಒಂದು ಗಟ್ಟಿ ಹಲಗೆ, ಎರಡು ಬೆರಳು ಇದ್ದರೆ ಮೊದಲ ಕೆಲಸ ನಡೆಯುತ್ತದೆ. ಆಸನದ ಅಗಲವು ಕೂಡುವವನ ಸೊಂಟದ ಅಗಲಕ್ಕೆ ಹೊಂದಬೇಕು. ಅತಿಯಾಗಿ ಅಗಲವಾದರೆ ದೇಹವು ಒಂದು ಪಕ್ಕಕ್ಕೆ ವಾಲಿ ಬೆನ್ನು ಸೊಟ್ಟಗಾಗುತ್ತದೆ, ಕೈಗಳು ಗಾಲಿಗೆ ಸರಿಯಾಗಿ ನಿಲುಕುವುದಿಲ್ಲ. ಇಕ್ಕಟ್ಟಾದರೆ ತೊಡೆಯ ಪಕ್ಕಗಳು ಉಜ್ಜಿ ಚರ್ಮ ಸುಲಿಯುತ್ತದೆ. ಹಿಂದಕ್ಕೆ ಸರಿದು ಕುಳಿತಾಗ ಆಸನದ ಮುಂಚೂಣಿಗೂ ಮೊಣಕಾಲಿನ ಹಿಂಬದಿಗೂ ನಡುವೆ ಎರಡು ಬೆರಳಿನಷ್ಟು ಎಡೆಯಿರಬೇಕು. ಆಸನವು ಇದಕ್ಕಿಂತ ಉದ್ದವಾದರೆ ಮನುಷ್ಯನು ಮುಂದಕ್ಕೆ ಜಾರಿ ಜಾರಿ ಕೂಡುತ್ತಾನೆ. ಗಿಡ್ಡವಾದರೆ ತೊಡೆಗೆ ಆಸರೆ ತಪ್ಪಿ ಭಾರವೆಲ್ಲ ಪೃಷ್ಠದ ಎಲುಬುಗಳ ಮೇಲೆ ಬೀಳುತ್ತದೆ. ಪಾದದ ಹಲಗೆಯು ತೀರ ಮೇಲಿದ್ದರೂ ಇದೇ ಗತಿ. ತೀರ ಕೆಳಗಿದ್ದರೆ ಪಾದಗಳು ಜೋತಾಡುತ್ತವೆ. ಹಲಗೆಯು ನಮ್ಮ ಹಳ್ಳಿಯ ದಾರಿಯ ಕಲ್ಲಿಗೆ ತಗಲುತ್ತದೆ. ತನ್ನ ಕೈಯಿಂದಲೇ ಗಾಲಿ ತಿರುಗಿಸುವವನಿಗೆ ಬೆನ್ನಿನ ಆಸರೆಯು ಹೆಗಲಹಲಗೆಯ ಕೆಳಗೆ ನಿಂತರೆ ತೋಳು ಸಲೀಸಾಗಿ ಆಡುತ್ತದೆ. ದೇಹವನ್ನು ಹಿಡಿದು ನಿಲ್ಲಿಸುವ ಶಕ್ತಿಯಿಲ್ಲದವನಿಗೆ ಎತ್ತರದ ಆಸರೆಯೇ ಬೇಕು. ಈ ಎಲ್ಲ ಅಳತೆಗಳನ್ನೂ ಮೆತ್ತೆಯನ್ನು ಹಾಕಿಯೇ ನೋಡಬೇಕೆಂಬುದನ್ನು ಮರೆಯಲಾಗದು.

ಗಾಲಿಯ ಸ್ಥಾನವೂ ಅಷ್ಟೇ ಮುಖ್ಯವಾದದ್ದು. ಹಿಂದಿನ ದೊಡ್ಡ ಗಾಲಿಯ ಅಚ್ಚನ್ನು ತುಸು ಮುಂದಕ್ಕೆ ತಂದರೆ ತಳ್ಳುವುದು ಹಗುರ, ಹೆಗಲಿಗೆ ಶ್ರಮ ಕಡಿಮೆ. ಆದರೆ ಕುರ್ಚಿಯು ಹಿಂದಕ್ಕೆ ಉರುಳುವ ಭಯ ಹೆಚ್ಚು. ಹಿಂದಕ್ಕೆ ಸರಿಸಿದರೆ ಭದ್ರ, ಆದರೆ ಭಾರ. ಎರಡೂ ಕಾಲುಗಳನ್ನು ತೊಡೆಯ ಮಟ್ಟದಲ್ಲಿ ಕಳೆದುಕೊಂಡವನ ಭಾರವು ಹಿಂದಕ್ಕೆ ಬೀಳುವುದರಿಂದ ಅವನ ಕುರ್ಚಿಯ ಅಚ್ಚನ್ನು ಹಿಂದಕ್ಕೆ ಇಡದಿದ್ದರೆ ಮೊದಲ ಏರಿನಲ್ಲಿಯೇ ಅವನು ತಲೆಕೆಳಗಾದಾನು. ಅಚ್ಚನ್ನು ಸರಿಸಲು ಬರುವಂಥ ಕುರ್ಚಿಯೇ ನಮ್ಮಲ್ಲಿ ಅಪರೂಪ. ಬಂದಾಗಲೂ ಸರಿಸಿ ಕೊಡುವವರು ಅದಕ್ಕಿಂತ ಅಪರೂಪ.

ಇಷ್ಟು ಸೂಕ್ಷ್ಮವೇತಕ್ಕೆ ಎಂದು ಕೇಳುವವರಿಗೆ ಒಂದೇ ಮಾತಿನಲ್ಲಿ ಉತ್ತರ ಹೇಳಬಹುದು: ಒತ್ತುಹುಣ್ಣು. ಬೆನ್ನುಹುರಿಗೆ ಪೆಟ್ಟು ಬಿದ್ದವರಿಗೆ ಸೊಂಟದ ಕೆಳಗೆ ಸ್ಪರ್ಶಜ್ಞಾನವಿರುವುದಿಲ್ಲ. ನಾವು ನೀವು ಕುಳಿತಲ್ಲಿಯೇ ಅರಿವಿಲ್ಲದೆ ಮಗ್ಗುಲು ಬದಲಿಸುತ್ತೇವೆ; ಅವರಿಗೆ ಆ ಎಚ್ಚರಿಕೆಯ ನೋವೇ ಬರುವುದಿಲ್ಲ. ಎಲುಬಿನ ಕೆಳಗಿನ ಚರ್ಮಕ್ಕೆ ರಕ್ತಸಂಚಾರ ನಿಂತು ಮೊದಲು ಕೆಂಪು ಕಲೆ, ಬಳಿಕ ಹುಣ್ಣು, ಬಳಿಕ ಎಲುಬಿನವರೆಗೆ ಕುಳಿ; ಕಡೆಗೆ ನಂಜು ರಕ್ತಕ್ಕೇರಿ ಪ್ರಾಣಕ್ಕೇ ಸಂಚಕಾರ. ಅಪಘಾತದಲ್ಲಿ ಬದುಕುಳಿದವನು ಆಸನದಿಂದ ಸಾಯುವುದೆಂದರೆ ಇದಕ್ಕಿಂತ ದಾರುಣವಾದದ್ದು ಏನಿದೆ?

ಇದನ್ನು ಮೊದಲೇ ಕಂಡುಹಿಡಿಯುವ ಉಪಾಯವು ಕಾಸಿನ ಖರ್ಚಿಲ್ಲದ್ದು. ಕುಳಿತವನ ಅಪ್ಪಣೆ ಪಡೆದು ಮೆತ್ತೆಗೂ ಅವನ ಪೃಷ್ಠದ ಎಲುಬಿಗೂ ನಡುವೆ ಬೆರಳ ತುದಿಗಳನ್ನು ಇಟ್ಟು ನೋಡಬೇಕು. ಬೆರಳು ಮೇಲೆ ಕೆಳಗೆ ಆಡಿದರೆ ಕ್ಷೇಮ. ಆಡದೆ ಹೊರಗೆ ಮಾತ್ರ ಜಾರಿದರೆ ಎಚ್ಚರಿಕೆ. ಹೊರಗೆಳೆಯುವುದೇ ಕಷ್ಟವಾದರೆ ಆ ಮೆತ್ತೆಯು ಅವನಿಗೆ ಅಪಾಯ. ಮೆತ್ತೆಯಿಲ್ಲದ ಕುರ್ಚಿಯನ್ನು ಇಂಥವರಿಗೆ ಕೊಡುವುದು ಉಪಕಾರವಲ್ಲವೆಂದು ನಾವು ಸ್ಪಷ್ಟವಾಗಿ ಹೇಳುತ್ತೇವೆ. ಒಳ್ಳೆಯ ಮೆತ್ತೆಯಿದ್ದರೂ ಅರ್ಧ ಗಂಟೆಗೊಮ್ಮೆಯಾದರೂ ಮುಂದಕ್ಕೆ ಬಾಗಿ ಇಲ್ಲವೆ ಮಗ್ಗುಲಿಗೆ ವಾಲಿ ಭಾರ ಇಳಿಸಿಕೊಳ್ಳಬೇಕು. ದಿನವೂ ಕನ್ನಡಿಯಿಂದಲೋ ಮನೆಯವರ ಕಣ್ಣಿನಿಂದಲೋ ಚರ್ಮವನ್ನು ನೋಡಿಕೊಳ್ಳಬೇಕು.

ಇನ್ನು ಬಳಕೆಯ ಮಾತು. ಹಾಸಿಗೆಯಿಂದ ಕುರ್ಚಿಗೆ, ಕುರ್ಚಿಯಿಂದ ಹಾಸಿಗೆಗೆ ಸರಿಯುವ ಮೊದಲು ಎರಡೂ ಬ್ರೇಕುಗಳನ್ನು ಬಿಗಿಯಬೇಕು. ಪಾದದ ಹಲಗೆಯ ಮೇಲೆ ನಿಂತು ಏಳಲೆತ್ನಿಸಿದರೆ ಕುರ್ಚಿಯು ಮುಂದಕ್ಕೆ ಮಗುಚುತ್ತದೆ. ಬ್ರೇಕು ಒತ್ತುವುದು ಗಾಲಿಯ ಟೈರನ್ನೇ ಆದ್ದರಿಂದ ಟೈರಿನ ಗಾಳಿ ಇಳಿದಿದ್ದರೆ ಬ್ರೇಕು ಹಿಡಿಯುವುದಿಲ್ಲ. ಬೆನ್ನಿನ ಹಿಡಿಗೆ ಸಂತೆಯ ಚೀಲವನ್ನು ನೇತುಹಾಕುವುದು ರೂಢಿ. ಹಿಂದಕ್ಕೆ ಉರುಳಲು ಅದೇ ಕಾರಣವಾಗುತ್ತದೆ. ಸೀರೆಯ ಸೆರಗು, ಧೋತರದ ಅಂಚು, ಹೊದ್ದ ಶಾಲು ಗಾಲಿಯ ಕಡ್ಡಿಗಳಿಗೆ ಸಿಕ್ಕದಂತೆ ಎಚ್ಚರವಿರಬೇಕು. ಏರಿನಲ್ಲಿ ಮುಂದಕ್ಕೆ ಬಾಗಬೇಕು, ಇಳಿಜಾರಿನಲ್ಲಿ ಹಿಂದಕ್ಕೆ ಒರಗಬೇಕು. ಕಡಿದಾದ ಇಳಿಜಾರಿನಲ್ಲಿ ಸಹಾಯಕನು ಕುರ್ಚಿಯನ್ನು ಹಿಂದುಮುಂದಾಗಿ ತಿರುಗಿಸಿ, ತಾನು ಕೆಳಗೆ ನಿಂತು, ಮೆಲ್ಲನೆ ಇಳಿಸತಕ್ಕದ್ದು. ಎಲ್ಲಕ್ಕೂ ಮೊದಲು, ಕುರ್ಚಿಯನ್ನು ಮುಟ್ಟುವ ಮುನ್ನ ಅದರಲ್ಲಿ ಕುಳಿತವರನ್ನು ಕೇಳುವ ಸೌಜನ್ಯ ನಮಗಿರಬೇಕು.

ದಾನ ಕೊಟ್ಟ ಆಕಳ ಹಲ್ಲು ಎಣಿಸಬಾರದೆಂಬ ಗಾದೆಯನ್ನು ಇಲ್ಲಿ ಕೆಲವರು ಎತ್ತಬಹುದು. ಹಣ ಸ್ವಲ್ಪ, ಬೇಡುವವರು ಬಹಳ. ಅಳೆಯುತ್ತ ಕುಳಿತರೆ ಹತ್ತು ಜನಕ್ಕೆ ಸಿಕ್ಕುವುದು ಐದು ಜನಕ್ಕೆ ಸಿಕ್ಕೀತು ಎಂಬ ಆಕ್ಷೇಪವೂ ಬರಬಹುದು. ಈ ಆಕ್ಷೇಪವು ತೀರ ಹುರುಳಿಲ್ಲದ್ದೆಂದು ನಾವು ಹೇಳಲಾರೆವು. ೨೦೧೧ರ ಜನಗಣತಿಯ ಪ್ರಕಾರ ಚಲನೆಗೆ ಸಂಬಂಧಿಸಿದ ವೈಕಲ್ಯವುಳ್ಳವರು ದೇಶದಲ್ಲಿ ೫೪ ಲಕ್ಷಕ್ಕೂ ಮೇಲ್ಪಟ್ಟು ಇದ್ದರು. ಆದರೆ ಅಳತೆಗೆ ಹೊಂದದ ಕುರ್ಚಿಯು ಆರು ತಿಂಗಳಿಗೆ ಹಟ್ಟಿಯ ಮೂಲೆ ಸೇರಿ ಕೋಳಿಗಳಿಗೆ ಗೂಡಾದರೆ, ಇಲ್ಲವೆ ಹುಣ್ಣು ತಂದು ಆಸ್ಪತ್ರೆಯ ಖರ್ಚಿಗೆ ಮನೆಯನ್ನು ಗುರಿ ಮಾಡಿದರೆ, ಉಳಿತಾಯವಾದದ್ದೇನು? ಅಲ್ಲದೆ ಇದು ದಾನದ ಆಕಳೂ ಅಲ್ಲ. ಅಂಗವಿಕಲರ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಯನ್ನು ಭಾರತವು ೨೦೦೭ರಲ್ಲಿ ಅಂಗೀಕರಿಸಿದೆ. ೨೦೧೬ರ ಕಾನೂನು ನಮ್ಮ ಮುಂದಿದೆ. ಕೇಂದ್ರ ಸರಕಾರವು ೧೯೮೧ರಿಂದ ನಡೆಸಿಕೊಂಡು ಬಂದ ಸಹಾಯ ಯೋಜನೆಯ ಹೆಸರಿನಲ್ಲಿಯೇ ಸಾಧನಗಳನ್ನು ಕೊಳ್ಳುವುದರ ಜೊತೆಗೆ ಹೊಂದಿಸುವುದೂ ಸೇರಿದೆ. ಹಕ್ಕಿನಿಂದ ಬಂದುದರ ಹಲ್ಲು ಎಣಿಸುವುದು ತಪ್ಪಲ್ಲ, ಕರ್ತವ್ಯ.

ಆದುದರಿಂದ ನಮ್ಮ ಸೂಚನೆಗಳು ಇವು. ಅಳತೆಯ ಚೀಟಿಯಿಲ್ಲದೆ ಯಾರಿಗೂ ಕುರ್ಚಿ ಕೊಡಕೂಡದು. ಕೊಟ್ಟ ದಿನವೇ ಕೂಡಿಸಿ, ಹೊಂದಿಸಿ, ಬಳಸುವವರಿಗೂ ಮನೆಯವರಿಗೂ ಒಂದು ಗಂಟೆಯಾದರೂ ಪಾಠ ಹೇಳಬೇಕು. ತಿಂಗಳೊಪ್ಪತ್ತಿನಲ್ಲಿ ಒಮ್ಮೆ ಮನೆಗೆ ಹೋಗಿ ನೋಡಬೇಕು. ಬೆಳೆಯುವ ಮಕ್ಕಳ ವಿಷಯದಲ್ಲಿ ಮೇಲಿಂದ ಮೇಲೆ ಅಳೆಯಬೇಕು. ನಮ್ಮ ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಅವರಲ್ಲಿ ಅನೇಕರು ಸ್ವತಃ ಅಂಗವಿಕಲರು. ಈ ಕೆಲಸಕ್ಕೆ ತಕ್ಕ ಶಿಕ್ಷಣವನ್ನೂ ತಕ್ಕ ಸಂಭಾವನೆಯನ್ನೂ ಅವರಿಗೆ ಕೊಟ್ಟರೆ ಅವರಿಗಿಂತ ಉತ್ತಮ ಕೈಗಳು ಬೇರೆ ಸಿಕ್ಕಲಾರವು. ಕಡ್ಡಿ ಬಿಗಿಯುವುದಕ್ಕೆ, ಟ್ಯೂಬು ಬದಲಿಸುವುದಕ್ಕೆ, ಮುಂದಿನ ಚಿಕ್ಕ ಗಾಲಿಗೆ ಸುತ್ತಿಕೊಂಡ ಕೂದಲು ದಾರಗಳನ್ನು ತೆಗೆದು ಎಣ್ಣೆ ಬಿಡುವುದಕ್ಕೆ ಊರ ಸೈಕಲ್ ರಿಪೇರಿಯವನೇ ಸಾಕು. ಬಿಡಿಭಾಗಗಳು ಮಾತ್ರ ತಾಲೂಕಿನಲ್ಲಿ ದೊರೆಯುವಂತಿರಬೇಕು.

ಪತ್ರಿಕೆಗಳವರಾದ ನಮ್ಮ ಪಾಲಿನ ತಪ್ಪನ್ನೂ ನಾವು ಒಪ್ಪಿಕೊಳ್ಳುತ್ತೇವೆ. ಹಂಚಿದ ಕುರ್ಚಿಗಳ ಸಂಖ್ಯೆಯನ್ನು ಇದುವರೆಗೆ ಅಚ್ಚು ಮಾಡಿದೆವು. ಅವುಗಳಲ್ಲಿ ವರ್ಷದ ಬಳಿಕ ಎಷ್ಟು ಓಡಾಡುತ್ತಿವೆಯೆಂದು ಕೇಳಲಿಲ್ಲ. ಮುಂದಿನ ಡಿಸೆಂಬರ್ ೩ನೆಯ ತಾರೀಖು ಚಪ್ಪರದೊಳಗೆ ನಿಲ್ಲುವ ಗಣ್ಯರು ಮಾಲೆಯನ್ನು ಸ್ವೀಕರಿಸುವ ಮೊದಲು ಒಮ್ಮೆ ಬಗ್ಗಿ, ಮೊಣಕಾಲಿನ ಹಿಂದೆ ಎರಡು ಬೆರಳಿನ ಎಡೆಯಿದೆಯೇ ಎಂದು ನೋಡಲಿ. ಆ ಛಾಯಾಚಿತ್ರವನ್ನು ನಾವು ಸಂತೋಷದಿಂದ ಮೊದಲ ಪುಟದಲ್ಲಿಯೇ ಅಚ್ಚು ಹಾಕುತ್ತೇವೆ.