ದುರ್ವಾಸನೆ ಮರದ ತೊಗಟೆ

ಮಲೆನಾಡಿನ ಏಳನೇ ತರಗತಿಯ ಹುಡುಗಿಯೊಬ್ಬಳು ನನಗೆ ಕಾಗದ ಬರೆದಿದ್ದಾಳೆ. ಕಾಡಿನ ಎಲೆಯ ಕಷಾಯ ಕುಡಿದರೆ ಕ್ಯಾನ್ಸರ್ ವಾಸಿಯಾಗುತ್ತದೆ ಅಂತ ಅವಳಜ್ಜನ ಮೊಬೈಲಿಗೆ ಬಂದಿದೆಯಂತೆ. ಪಕ್ಕದ ಮನೆಯ ದೊಡ್ಡಮ್ಮನಿಗೆ ಆ ಕಾಯಿಲೆ. ಅಜ್ಜ ಎಲೆ ತರಲು ಹೊರಟಿದ್ದಾರೆ, ತರಬಹುದಾ ಎಂದು ಕೇಳಿದ್ದಾಳೆ.

ಬೇಡ ಪುಟ್ಟೀ. ದೊಡ್ಡಮ್ಮ ಡಾಕ್ಟರು ಕೊಟ್ಟ ಔಷಧಿಯನ್ನೇ ತೆಗೆದುಕೊಳ್ಳಲಿ. ಹಾಗಂತ ಅಜ್ಜನ ಮಾತು ಪೂರಾ ಸುಳ್ಳೂ ಅಲ್ಲ.

ನಮ್ಮ ಪಶ್ಚಿಮ ಘಟ್ಟದಲ್ಲೇ ಒಂದು ಸಣ್ಣ ಮರವಿದೆ. ಹೂವಿನ ನಾತ ಸಹಿಸಲಾಗದು, ಅದಕ್ಕೇ ದುರ್ವಾಸನೆ ಮರ ಎಂದು ಹೆಸರು. 1966ರಲ್ಲಿ ಅಮೆರಿಕದ ಮನ್ರೋ ವಾಲ್ ಮತ್ತು ನಮ್ಮ ದೇಶದಲ್ಲೇ ಹುಟ್ಟಿದ ಮನ್ಸುಖ್ ವಾಣಿ ಚೀನಾದ ಒಂದು ಮರದಲ್ಲಿ ಕ್ಯಾಂಪ್ಟೊಥೆಸಿನ್ ಎಂಬ ವಸ್ತು ಸಿಕ್ಕಿದ್ದನ್ನು ಪ್ರಕಟಿಸಿದರು. 1972ರಲ್ಲಿ ಗೋವಿಂದಾಚಾರಿ ಮತ್ತು ವಿಶ್ವನಾಥನ್ ಅದೇ ವಸ್ತು ನಮ್ಮ ದುರ್ವಾಸನೆ ಮರದಲ್ಲೂ ಇದೆ ಎಂದು ತೋರಿಸಿದರು.

ಇಂಥದ್ದನ್ನು ಹುಡುಕುವ ಬಗೆ ಕೇಳಿ. ತೊಗಟೆಯನ್ನು ಒಣಗಿಸಿ ಪುಡಿ ಮಾಡಿ ಆಲ್ಕೋಹಾಲಿನಲ್ಲಿ ನೆನೆಹಾಕುತ್ತಾರೆ. ಸೋಸಿ, ಆಲ್ಕೋಹಾಲು ಆರಿದ ಮೇಲೆ ಉಳಿಯುವುದೇ ಸಾರ. ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಸಿದ ಕ್ಯಾನ್ಸರ್ ಕೋಶಗಳ ಮೇಲೆ ಅದನ್ನು ಚೂರೇ ಚೂರು ಹಾಕಿ, ಎರಡು ಮೂರು ದಿನ ಕಾಯುತ್ತಾರೆ. ಕೋಶಗಳು ಸತ್ತರೆ ಕುಣಿಯುವಂತಿಲ್ಲ! ಸೋಪಿನ ನೀರು ಹಾಕಿದರೂ ಅವು ಸಾಯುತ್ತವೆ. ಆರೋಗ್ಯವಂತ ಕೋಶಗಳ ಮೇಲೂ ಅದೇ ಸಾರ ಹಾಕಿ ನೋಡಬೇಕು. ಆಮೇಲೆ ಸಾರವನ್ನು ಭಾಗ ಮಾಡಿ, ಕೆಲಸ ಮಾಡಿದ ಭಾಗವನ್ನು ಮತ್ತೆ ಭಾಗ ಮಾಡಿ, ಕೊನೆಗೆ ಒಂದೇ ವಸ್ತು ಉಳಿಯುವ ತನಕ ಬಿಡುವಂತಿಲ್ಲ. ಅಜ್ಜಿ ಮೊಸರು ಕಡೆದು ಬೆಣ್ಣೆ ತೆಗೆದ ಹಾಗೆ, ಆದರೆ ಇಲ್ಲಿ ವರ್ಷಗಟ್ಟಲೆ ಕಡೆಯಬೇಕು. ಅದಾದ ಮೇಲೆ ಇಲಿಗಳ ಸರದಿ, ಆಮೇಲೆ ಮನುಷ್ಯರದು.

ಕ್ಯಾಂಪ್ಟೊಥೆಸಿನ್ ಎಡವಿದ್ದು ಅಲ್ಲೇ. 1970ರ ದಶಕದಲ್ಲಿ ರೋಗಿಗಳಿಗೆ ಕೊಟ್ಟು ನೋಡಿದಾಗ ರಕ್ತದ ಬಿಳಿ ಕಣಗಳು ಕುಸಿದವು, ಮೂತ್ರದಲ್ಲಿ ರಕ್ತ ಬಂತು. ಪ್ರಯೋಗ ನಿಲ್ಲಿಸಬೇಕಾಯಿತು. ಅದು ಕೆಲಸ ಮಾಡುವ ಗುಟ್ಟು ತಿಳಿದದ್ದು 1985ರಲ್ಲಿ. ಕೋಶ ಎರಡಾಗುವ ಮೊದಲು ಅದರೊಳಗಿನ ಡಿಎನ್‌ಎ ಹಗ್ಗದ ಹುರಿ ಬಿಚ್ಚಬೇಕು. ಒಂದು ಕಿಣ್ವ ಹಗ್ಗದ ಒಂದು ಎಳೆ ಕತ್ತರಿಸಿ, ಹುರಿ ಸಡಿಲಿಸಿ, ಮತ್ತೆ ಜೋಡಿಸುತ್ತದೆ. ಕ್ಯಾಂಪ್ಟೊಥೆಸಿನ್ ಬಂದು ಆ ಜೋಡಿಸುವ ಕೆಲಸಕ್ಕೇ ಅಡ್ಡ ಕೂರುತ್ತದೆ. ಬಿಡುವಿಲ್ಲದೆ ಒಡೆಯುವ ಕ್ಯಾನ್ಸರ್ ಕೋಶಕ್ಕೆ ಏಟು ಜೋರು. ರಸಾಯನ ವಿಜ್ಞಾನಿಗಳು ಅದರ ರಚನೆಯನ್ನು ಸ್ವಲ್ಪ ಬದಲಿಸಿ ಮಾಡಿದ ಟೋಪೊಟೆಕಾನ್, ಇರಿನೊಟೆಕಾನ್ ಎಂಬ ಔಷಧಿಗಳಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1996ರಲ್ಲಿ. ಮೂವತ್ತು ವರ್ಷ!

ಅಜ್ಜಂದಿರೇ, ಈ ವಸ್ತು ಒಂದು ಮರದಲ್ಲಿದ್ದಷ್ಟು ಇನ್ನೊಂದರಲ್ಲಿ ಇರುವುದಿಲ್ಲ. ಒಂದು ಲೋಟ ಕಷಾಯದಲ್ಲಿ ಏನೂ ಇಲ್ಲದಿರಬಹುದು, ವಿಷವೇ ಇರಬಹುದು. ಆಸ್ಪತ್ರೆಯವರು ರಕ್ತ ಪರೀಕ್ಷೆ ಮಾಡುತ್ತಾ ಅಳೆದು ಕೊಡುವುದು ಅದಕ್ಕೇ.

ಬೇಡಿಕೆ ಹೆಚ್ಚಿದಂತೆ ಘಟ್ಟದಲ್ಲಿ ಈ ಮರಕ್ಕೆ ಕೊಡಲಿ ಬಿತ್ತು. ಮರದೊಳಗೆ ವಾಸಿಸುವ ಕೆಲವು ಶಿಲೀಂಧ್ರಗಳೂ ಕ್ಯಾಂಪ್ಟೊಥೆಸಿನ್ ತಯಾರಿಸುತ್ತವೆ ಎಂದು ಆಮೇಲೆ ಗೊತ್ತಾಯಿತು. ಇನ್ನು ಮರ ಕಡಿಯಬೇಕಿಲ್ಲ ಎಂದು ಎಲ್ಲರಿಗೂ ಆಸೆ. ಆದರೆ ಆ ಶಿಲೀಂಧ್ರವನ್ನು ಪ್ರಯೋಗಾಲಯದಲ್ಲಿ ಬೆಳೆಸುತ್ತಾ ಹೋದರೆ, ಕೆಲವು ತಲೆಮಾರಿನಲ್ಲೇ ಅದು ತಯಾರಿಕೆ ನಿಲ್ಲಿಸಿಬಿಡುತ್ತದೆ. ಮರದ ಒಳಗಿದ್ದಾಗ ಮಾಡುವ ಕೆಲಸವನ್ನು ಹೊರಗೆ ಬಂದು ಯಾಕೆ ಮರೆಯುತ್ತದೆ ಎಂಬುದರ ಬೆನ್ನು ಹತ್ತಿದ್ದಾರೆ ವಿಜ್ಞಾನಿಗಳು.